ತೋಡಿನ ಕಲ್ಲಿನಡಿ ಹುಳುಗಳಿಲ್ಲ, ನೀರಿನ ವರದಿ ಮಾತ್ರ ಸರಿ ಇದೆ

ತೋಡಿನಂಚು | ಜನವರಿ 12, ರಾತ್ರಿ 8.40

ಕೊಡಗಿನ ನಾಪೋಕ್ಲು ಕಡೆಯ ಸಣ್ಣ ಕಾಫಿ ಬೆಳೆಗಾರ ನಾನು. ತೋಟದ ಕೆಳಗಿನ ಗಡಿಯೇ ಒಂದು ತೋಡು. ಚಿಕ್ಕಂದಿನಲ್ಲಿ ಏಡಿ ಹಿಡಿಯಲು ಅಲ್ಲಿನ ಕಲ್ಲುಗಳನ್ನೆಲ್ಲ ಮಗುಚಿದವನು. ಈಗಲೂ ಪಂಪ್ ಹಾಕಲು ಹೋದಾಗ ಕೈ ತಾನಾಗಿ ಒಂದು ಕಲ್ಲು ಎತ್ತುತ್ತದೆ. ಅಡಿಯಲ್ಲಿ ಚಪ್ಪಟೆ ಹುಳುಗಳು ಅಂಟಿಕೊಂಡಿರುತ್ತಿದ್ದವು, ಬಾಲದಲ್ಲಿ ಕೂದಲಿನಷ್ಟು ತೆಳ್ಳಗಿನ ಎರಡು ಮೂರು ಎಳೆ. ಬೆಳಕು ಬಿದ್ದರೆ ಏಡಿಯ ಹಾಗೆ ಅಡ್ಡಡ್ಡ ಸರಿದು ಕಲ್ಲಿನ ಇನ್ನೊಂದು ಮಗ್ಗುಲಿಗೆ ಮಾಯ. ಇನ್ನೊಂದು ಜಾತಿಯ ಹುಳು ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ, ಅಕ್ಕಿಕಾಳಿಗಿಂತ ತುಸು ಉದ್ದದ ಕೊಳವೆ ಕಟ್ಟಿಕೊಂಡು ಅದರೊಳಗೆ ಸಂಸಾರ ಮಾಡುತ್ತಿತ್ತು.

ಡಿಸೆಂಬರ್ ಕೊನೆಯ ವಾರ ಒಂದು ರಾತ್ರಿ ತೋಡಿನ ಕಡೆಯಿಂದ ಹುಳಿ ವಾಸನೆ ಬಂತು. ಬೆಳಿಗ್ಗೆ ನೋಡಿದರೆ ನೀರು ಕಂದು, ಮೇಲೆ ನೊರೆ. ಮೇಲೆಲ್ಲೋ ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ ನೀರು, ಬಿಟ್ಟಿದ್ದಾರೆಂದು ಹೇಳಲು ಪಂಡಿತರು ಬೇಕಿಲ್ಲ. ದೂರು ಕೊಟ್ಟೆ. ಆರನೆಯ ದಿನ ಬಂದು ಎರಡು ಬಾಟಲಿ ನೀರು ತುಂಬಿಕೊಂಡು ಹೋದರು. ವರದಿಯಲ್ಲಿ ಎಲ್ಲವೂ ಮಿತಿಯೊಳಗೆ. ಆ ಹೊತ್ತಿಗೆ ನೀರು ತಿಳಿಯಾಗಿದ್ದದ್ದು ನಿಜ. ಆದರೆ ಕಲ್ಲಿನಡಿ ಈಗ ಒಂದೇ ಒಂದು ಚಪ್ಪಟೆ ಹುಳು ಇಲ್ಲ. ಕಲ್ಲಿನ ಮೇಲೆ ಬೂದು ಬಣ್ಣದ ಹತ್ತಿಯಂಥ ಲೋಳೆ. ಮರಳಿನ ಕೊಳವೆಗಳಿವೆ, ಒಳಗೆ ಏನೂ ಇಲ್ಲ. ಕೆಸರಿನಲ್ಲಿ ಕೆಂಪು ದಾರದಂಥ ಹುಳುಗಳು ಮಾತ್ರ ರಾಶಿ ರಾಶಿ.

ಈ ಹುಳುಗಳ ಲೆಕ್ಕವನ್ನು ಯಾರಾದರೂ ಸಾಕ್ಷಿಯೆಂದು ಒಪ್ಪುತ್ತಾರೆಯೇ? ಒಪ್ಪುವುದಾದರೆ ಎಣಿಸುವುದು ಹೇಗೆ?

ರೊಬಸ್ಟಾ ಸಿದ್ದಾಪುರ | ಜನವರಿ 12, ರಾತ್ರಿ 9.05

ಹುಳು ಹೋಯಿತೆಂದರೆ ನೀರು ಇನ್ನೂ ಚೊಕ್ಕಟವಾಯಿತು ಎಂದಲ್ಲವೇ? ನಮ್ಮ ಬಾವಿಯಲ್ಲಿ ಹುಳು ಕಂಡರೆ ಬ್ಲೀಚಿಂಗ್ ಪುಡಿ ಹಾಕುತ್ತೇವೆ.

ನೀರೊರತೆ | ಜನವರಿ 12, ರಾತ್ರಿ 10.30

ಬಾವಿಯ ಮಾತೇ ಬೇರೆ, ಅಣ್ಣ. ಹರಿಯುವ ತೋಡಿನಲ್ಲಿ ಹುಳು ಇರಲೇಬೇಕು. ಯಾವ ಹುಳು ಎಂಬುದರಲ್ಲೇ ಎಲ್ಲ ಇದೆ. ನಾನು ಓದಿದ್ದು ಜಲಕೀಟಗಳನ್ನೇ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ತೋಡಿನಂಚು ಅವರು ಹೇಳಿದ ಚಪ್ಪಟೆ ಹುಳು ಮೇಫ್ಲೈ ಎಂಬ ಕೀಟದ ಮರಿ. ಮರಳಿನ ಕೊಳವೆಯದ್ದು ಕ್ಯಾಡಿಸ್‌ಫ್ಲೈ ಮರಿ. ಇವುಗಳ ಜೊತೆ ಸ್ಟೋನ್‌ಫ್ಲೈ ಮರಿಯನ್ನೂ ಸೇರಿಸಿಕೊಳ್ಳಿ: ಬಾಲದಲ್ಲಿ ಎರಡೇ ಎಳೆ, ಕಾಲಿನ ಬುಡದಲ್ಲಿ ಗೊಂಚಲು ಗೊಂಚಲಾಗಿ ಕಿವಿರು. ಮೇಫ್ಲೈಗೆ ಕಿವಿರು ಹೊಟ್ಟೆಯ ಎರಡೂ ಬದಿಗೆ ಎಲೆಗಳಂತೆ ಇರುತ್ತದೆ. ಈ ಮೂರೂ ಗುಂಪು ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ನಂಬಿ ಬದುಕುವಂಥವು, ಅದು ಇಳಿದರೆ ಮೊದಲು ಸಾಯುವವು ಇವೇ. ನಿಮ್ಮ ಕೆಂಪು ದಾರ ಕೈರೊನೊಮಸ್ ಎಂಬ, ಕಚ್ಚದ ನುಸಿಯ ಮರಿ ಇರಬೇಕು, ಇಲ್ಲವೇ ಟ್ಯೂಬಿಫೆಕ್ಸ್ ಹುಳು. ತಲೆಯನ್ನು ಕೆಸರಿನಲ್ಲಿ ಹುಗಿದು ಬಾಲವನ್ನು ಮೇಲೆ ಆಡಿಸುತ್ತಿದ್ದರೆ ಟ್ಯೂಬಿಫೆಕ್ಸ್. ಎರಡರ ಕೆಂಪಿಗೂ ಕಾರಣ ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ನೇ. ಆಮ್ಲಜನಕ ತೀರಾ ಕಡಿಮೆ ಇದ್ದರೂ ಹೀರಿಕೊಳ್ಳುತ್ತವೆ, ಆದ್ದರಿಂದಲೇ ಉಳಿದವು ಸತ್ತ ಮೇಲೂ ಇವು ಹಬ್ಬುತ್ತವೆ.

ಪಲ್ಪಿಂಗ್ ನೀರಿನಲ್ಲಿ ವಿಷವೇ ಇರಬೇಕೆಂದಿಲ್ಲ. ಕಾಫಿ ಹಣ್ಣಿನ ಲೋಳೆಯಲ್ಲಿ ಸಕ್ಕರೆ ತುಂಬ. ಅದು ತೋಡಿಗೆ ಬಿದ್ದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ತಿನ್ನುತ್ತಾ ನೀರಿನ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ, ಹುಳಿ ಬಂದು ನೀರು ಆಮ್ಲೀಯವೂ ಆಗುತ್ತದೆ. ಆ ಬೂದು ಹತ್ತಿಯೂ ಬ್ಯಾಕ್ಟೀರಿಯಾದ್ದೇ ಬೆಳೆ. ಅದೂ ಆಗುವುದು ಮಳೆ ನಿಂತು ಹರಿವು ಇಳಿದ ತಿಂಗಳುಗಳಲ್ಲಿ, ನೋಡಿ. ಜುಲೈಯಲ್ಲಿ ಬಿಟ್ಟಿದ್ದರೆ ತೋಡು ತಳ್ಳಿಕೊಂಡು ಹೋಗಿಬಿಡುತ್ತಿತ್ತು.

ಬಾಟಲಿ ಹೇಳುವುದು ಅದನ್ನು ತುಂಬಿದ ಆ ಗಳಿಗೆಯ ಕಥೆ. ಹುಳು ತಿಂಗಳುಗಟ್ಟಲೆ ಅದೇ ಕಲ್ಲಿನಡಿ ಇರುತ್ತದೆ, ರಾತ್ರಿ ಬಿಟ್ಟ ನೀರನ್ನೂ ಅನುಭವಿಸಿರುತ್ತದೆ. ಜರ್ಮನಿಯ ವಿಜ್ಞಾನಿಗಳಾದ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ 1900ರ ದಶಕದಲ್ಲೇ ಈ ಆಧಾರದ ಮೇಲೆ ನದಿಗಳನ್ನು ವಿಂಗಡಿಸಿದ್ದರು. ಹುಳುವನ್ನು ಒಪ್ಪುತ್ತಾರೆಯೇ ಎಂದಿರಲ್ಲ, ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ನದಿಗಳಿಗೆ ಜೈವಿಕ ಮಾನದಂಡ ರೂಪಿಸಿದೆ. ಎ ಯಿಂದ ಇ ವರೆಗೆ ಐದು ದರ್ಜೆ, ನಕ್ಷೆಯಲ್ಲಿ ನೀಲಿಯಿಂದ ಕೆಂಪು. ಲೆಕ್ಕ ಹಾಕುವುದು ಇದೇ ಹುಳುಗಳ ಮೇಲೆ.

ಪ್ರಯೋಗಾಲಯದವಳು | ಜನವರಿ 13, ಬೆಳಿಗ್ಗೆ 7.15

ಬಾಟಲಿಯನ್ನು ಅಷ್ಟು ಹಗುರವಾಗಿ ತಳ್ಳಿಹಾಕಬೇಡಿ. ನಾನು ಹದಿನಾರು ವರ್ಷ ನೀರು ಪರೀಕ್ಷೆ ಮಾಡಿದವಳು. ಬಿಒಡಿಯನ್ನು, ಅಂದರೆ ಕೊಳಕನ್ನು ತಿನ್ನುವಾಗ ಬ್ಯಾಕ್ಟೀರಿಯಾಗಳು ನೀರಿನಿಂದ ಹೀರುವ ಆಮ್ಲಜನಕವನ್ನು, ನಮ್ಮ ದೇಶದಲ್ಲಿ 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಅಳೆಯುತ್ತೇವೆ. ಸಂಸ್ಕರಿಸದ ಪಲ್ಪಿಂಗ್ ನೀರಿನಲ್ಲಿ ಅದು ಲೀಟರಿಗೆ ಸಾವಿರಗಳ ಲೆಕ್ಕದ ಮಿಲಿಗ್ರಾಂ ಬರುತ್ತದೆ. ಸ್ನಾನಕ್ಕೆ ಯೋಗ್ಯವಾದ ನದಿ ನೀರಿನಲ್ಲಿ 3 ಮಿಲಿಗ್ರಾಂ ಮೀರಬಾರದು. ಇಂಥ ಅಂತರ ಇರುವಾಗ, ಬಿಟ್ಟ ದಿನವೇ ಮಾದರಿ ತೆಗೆದರೆ ಯಾವ ಹುಳುವೂ ಬೇಡ, ಅಂಕಿಯೇ ಕೂಗಿ ಹೇಳುತ್ತದೆ. ತಪ್ಪಿದ್ದು ಪರೀಕ್ಷೆಯಲ್ಲಿ ಅಲ್ಲ, ಆರನೆಯ ದಿನ ಬಂದದ್ದರಲ್ಲಿ.

ಇನ್ನೊಂದು ಮಾತು. ಹುಳು ಸತ್ತಿದೆ ಎಂದು ಹುಳು ಹೇಳುತ್ತದೆ, ಯಾರು ಕೊಂದರು ಎಂದು ಹೇಳುವುದಿಲ್ಲ. ಅದಕ್ಕೆ ರಸಾಯನ ಬೇಕೇ ಬೇಕು.

ನೀರೊರತೆ | ಜನವರಿ 13, ಬೆಳಿಗ್ಗೆ 7.50

ಒಪ್ಪುತ್ತೇನೆ ಮೇಡಂ. ಎರಡೂ ಜೊತೆಗಿರಬೇಕು. ಆದರೆ ರಾತ್ರಿ ಹನ್ನೊಂದಕ್ಕೆ ಬಿಡುವವನ ನೀರನ್ನು ಬಾಟಲಿಗೆ ತುಂಬುವವರು ಯಾರು?

ರೊಬಸ್ಟಾ ಸಿದ್ದಾಪುರ | ಜನವರಿ 13, ಮಧ್ಯಾಹ್ನ 1.20

ಎಲ್ಲ ಪಾಪವನ್ನೂ ಬೆಳೆಗಾರನ ತಲೆಗೆ ಕಟ್ಟುವುದು ಈಗ ರೂಢಿಯಾಗಿದೆ. ಊರಿನ ಚರಂಡಿ ಎಲ್ಲಿಗೆ ಹೋಗುತ್ತದೆ? ಗುಡ್ಡದ ಮೇಲಿನ ಹೋಂಸ್ಟೇಗಳ ಶೌಚದ ಗುಂಡಿ ಎಲ್ಲಿಗೆ ಇಳಿಯುತ್ತದೆ? ನಾನು ರೊಬಸ್ಟಾವನ್ನು ಹಣ್ಣಿನ ಸಮೇತ ಕಣದಲ್ಲಿ ಒಣಗಿಸಿ ಚೆರ್ರಿ ಮಾಡುತ್ತೇನೆ, ಒಂದು ಹನಿ ನೀರೂ ಬೇಡ. ಆದರೆ ಪಲ್ಪ್ ಮಾಡಿ ಒಣಗಿಸಿದ ಪಾರ್ಚ್‌ಮೆಂಟ್‌ಗೆ ಬೆಲೆ ಹೆಚ್ಚು, ಅರೇಬಿಕಾದವರಂತೂ ಪಲ್ಪ್ ಮಾಡದೆ ಇರಲಾರರು. ಸಣ್ಣವರಿಗೆ ತೊಟ್ಟಿ ಕಟ್ಟಿಸುವ ತಾಕತ್ತು ಎಲ್ಲಿದೆ? ಆಳು ಸಿಗದೆ, ಆನೆ ಕಾಟ ತಾಳದೆ, ಮಳೆ ಕಾಲ ತಪ್ಪಿ ಹೂ ಉದುರಿ ಸಾಯುತ್ತಿದ್ದೇವೆ. ಈಗ ಹುಳು ಎಣಿಸುವವರೂ ನಮ್ಮ ಮೇಲೆಯೇ ಬಂದರು.

ತೋಡಿನಂಚು | ಜನವರಿ 13, ಮಧ್ಯಾಹ್ನ 2.00

ನಾನೂ ಬೆಳೆಗಾರನೇ, ಅಣ್ಣ. ನಾನೂ ಅರೇಬಿಕಾ ಪಲ್ಪ್ ಮಾಡುತ್ತೇನೆ. ನೀರನ್ನು ಮೂರು ಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ, ಸಿಪ್ಪೆಯನ್ನು ಗೊಬ್ಬರಕ್ಕೆ ಬಳಸುತ್ತೇನೆ. ಗುಂಡಿ ತೋಡಿಸಲು ಜೆಸಿಬಿಗೆ ಒಂದು ದಿನದ ಬಾಡಿಗೆ ಕೊಟ್ಟೆ, ಅಷ್ಟೇ. ನೀರು ಕಡಿಮೆ ಬೇಡುವ ಹೊಸ ಪಲ್ಪರ್‌ಗಳೂ ಬಂದಿವೆ. ನನ್ನ ಜಗಳ ಬೆಳೆಗಾರರ ಮೇಲಲ್ಲ, ರಾತ್ರೋರಾತ್ರಿ ತೂಬು ತೆಗೆದವರ ಮೇಲೆ. ನಿಮ್ಮ ಹೋಂಸ್ಟೇ ಮಾತು ಮಾತ್ರ ನೂರಕ್ಕೆ ನೂರು ಸರಿ.

ನಿರ್ವಾಹಕ | ಜನವರಿ 13, ಮಧ್ಯಾಹ್ನ 3.10

ಒಂದು ತೋಟದ ಹೆಸರು ಬರೆದಿದ್ದ ಉತ್ತರವನ್ನು ತೆಗೆದಿದ್ದೇವೆ. ನೀರಿನ ಮಾತು ಮುಂದುವರಿಯಲಿ, ಹೆಸರು ಬೇಡ.

ಕಕ್ಕಡದ ಮಳೆ | ಜನವರಿ 13, ಸಂಜೆ 6.30

ಮಳೆಗಾಲದಲ್ಲಿ ನಮ್ಮ ತೋಟದಲ್ಲಿ ಕಾಲಿಟ್ಟಲ್ಲೆಲ್ಲ ಜಿಗಣೆ. ಜಿಗಣೆ ಇದ್ದರೆ ನೀರು ಕೆಟ್ಟಿದೆ ಎಂದು ಎಲ್ಲೋ ಓದಿದ್ದೆ. ಹಾಗಾದರೆ ಇಡೀ ಕೊಡಗೇ ಕೆಟ್ಟಿದೆಯೇ?

ನೀರೊರತೆ | ಜನವರಿ 13, ಸಂಜೆ 6.45

ಇಲ್ಲ ಅಕ್ಕ. ನಿಮ್ಮ ಕಾಲಿಗೆ ಹತ್ತುವುದು ನೆಲದ ಜಿಗಣೆ. ಲೆಕ್ಕಕ್ಕೆ ಬರುವುದು ನೀರಿನೊಳಗೆ ಕಲ್ಲಿಗಂಟಿ ಇರುವಂಥದ್ದು. ಅದೂ ಒಂದೆರಡು ಇದ್ದರೆ ಚಿಂತೆಯಿಲ್ಲ.

ಮುಕ್ಕೋಡ್ಲು ಮಣ್ಣು | ಜನವರಿ 13, ರಾತ್ರಿ 8.15

ನನ್ನದೊಂದು ಆಕ್ಷೇಪ ಇದೆ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಕುಸಿದಾಗ ಕೊಲ್ಲಿಯಲ್ಲಿ, ಅಂದರೆ ನಮ್ಮ ತೋಡಿನಲ್ಲಿ, ಪಲ್ಪಿಂಗೂ ಇರಲಿಲ್ಲ, ಚರಂಡಿಯೂ ಇರಲಿಲ್ಲ. ಆದರೂ ಮುಂದಿನ ಎರಡು ಬೇಸಿಗೆ ನಾವು ಕಲ್ಲು ಎತ್ತಿದರೆ ಅಡಿಯಲ್ಲಿ ಜೀವವೇ ಇರಲಿಲ್ಲ. ಎತ್ತಲು ಕಲ್ಲಾದರೂ ಎಲ್ಲಿತ್ತು? ಮೊಣಕಾಲಷ್ಟು ಕೆಂಪು ಮಣ್ಣು ಬಂದು ಎಲ್ಲ ಸಂದುಗಳನ್ನೂ ಮೆತ್ತಿಬಿಟ್ಟಿತ್ತು. ನೀರು ಕುಡಿಯುವಷ್ಟು ತಿಳಿಯಾಗಿತ್ತು, ಹುಳು ಮಾತ್ರ ಇರಲಿಲ್ಲ. ಹಾಗಾಗಿ ಹುಳು ಇಲ್ಲ ಎಂದ ಮಾತ್ರಕ್ಕೆ ಯಾರೋ ವಿಷ ಬಿಟ್ಟರು ಎಂದು ಹೇಳಬೇಡಿ.

ನೀರೊರತೆ | ಜನವರಿ 13, ರಾತ್ರಿ 9.00

ಈ ಚರ್ಚೆಗೆ ಬೇಕಾಗಿದ್ದ ಮಾತು ಇದೇ. ಕಲ್ಲುಗಳ ನಡುವಿನ ಸಂದೇ ಈ ಹುಳುಗಳ ಮನೆ. ಹೂಳು ತುಂಬಿದರೆ ಮನೆ ಹೋಯಿತು, ಕಿವಿರಿನ ಮೇಲೂ ಮಣ್ಣು ಕೂತಿತು. ಅದಕ್ಕಾಗಿಯೇ ಒಂದೇ ಜಾಗ ನೋಡಿ ತೀರ್ಪು ಕೊಡಬಾರದು. ಅನುಮಾನದ ಜಾಗದ ಮೇಲೊಂದು, ಕೆಳಗೊಂದು ನೋಡಬೇಕು. ಎರಡೂ ಕಡೆ ಒಂದೇ ಬಗೆಯ ಕಲ್ಲು, ಒಂದೇ ರೀತಿಯ ಹರಿವು, ಒಂದೇ ನೆರಳು ಇರಬೇಕು. ದೊಡ್ಡ ಮಳೆ ಬಂದು ಹೋದ ಮೇಲೆ ಎರಡು ಮೂರು ವಾರ ಬಿಟ್ಟೇ ನೋಡಬೇಕು, ಏಕೆಂದರೆ ನೆರೆ ಹುಳುಗಳನ್ನು ಗುಡಿಸಿಕೊಂಡು ಹೋಗಿರುತ್ತದೆ.

ಬರಪೊಳೆ | ಜನವರಿ 13, ರಾತ್ರಿ 9.20

ನಮ್ಮಲ್ಲಿ ಇನ್ನೊಂದು ಪಿಡುಗು ಇದೆ. ಮೀನಿಗಾಗಿ ಹೊಳೆಗೆ ಬ್ಲೀಚಿಂಗ್ ಪುಡಿ ಸುರಿಯುವವರು. ಅಜ್ಜನ ಕಾಲದಲ್ಲಿ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರಂತೆ. ಈಗ ಒಂದು ಚೀಲ ಪುಡಿ, ಹೊಳೆಯ ಒಂದು ತಿರುವಿನಲ್ಲಿ ಇದ್ದದ್ದೆಲ್ಲ ಮುಗಿಯಿತು. ಮೀನಿನ ಜೊತೆ ಸಿಗಡಿ, ಏಡಿಮರಿ ಎಲ್ಲ ಬಿಳಿಚಿಕೊಂಡು ತೇಲಿದ್ದನ್ನು ನಾನೇ ಕಂಡಿದ್ದೇನೆ. ಇದನ್ನು ಪಲ್ಪಿಂಗ್ ನೀರಿನಿಂದ ಬೇರೆ ಮಾಡಿ ಗುರುತಿಸಲು ಆಗುತ್ತದೆಯೇ?

ನೀರೊರತೆ | ಜನವರಿ 13, ರಾತ್ರಿ 9.55

ಬಹುಮಟ್ಟಿಗೆ ಆಗುತ್ತದೆ. ವಿಷ ಬಿದ್ದರೆ ಬಡವ ಬಲ್ಲಿದ ಎನ್ನದೆ ಎಲ್ಲವೂ ಸಾಯುತ್ತವೆ, ಕೆಂಪು ಹುಳುವೂ ಸೇರಿ. ತಟ್ಟೆ ಖಾಲಿ. ಸಕ್ಕರೆ ನೀರೋ ಚರಂಡಿ ನೀರೋ ಆದರೆ ಬಗೆಗಳು ಕಡಿಮೆಯಾಗುತ್ತವೆ, ಸಂಖ್ಯೆ ಹೆಚ್ಚುತ್ತದೆ: ಎರಡೇ ಜಾತಿ, ಸಾವಿರ ಹುಳು. ತೋಡಿನಂಚು ಅವರದು ಎರಡನೆಯ ಚಿತ್ರ.

ಪಂಪ್‌ಹೌಸ್ | ಜನವರಿ 14, ಬೆಳಿಗ್ಗೆ 6.50

ಏಡಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಗದ್ದೆಗಳು ಹೋದ ಮೇಲೆ ಏಡಿಯೂ ಹೋಯಿತು. ಮಳೆಗಾಲದಲ್ಲಿ ಅಮ್ಮ ಮಾಡುತ್ತಿದ್ದ ಏಡಿ ಸಾರು ತಿಂದು ಎಷ್ಟು ವರ್ಷವಾಯಿತೋ.

ಮೇಷ್ಟ್ರು ಸೋಮವಾರಪೇಟೆ | ಜನವರಿ 14, ಬೆಳಿಗ್ಗೆ 8.30

ಒಂಬತ್ತನೆಯ ತರಗತಿಯ ಮಕ್ಕಳನ್ನು ಹತ್ತಿರದ ಹೊಳೆಗೆ ಕರೆದುಕೊಂಡು ಹೋಗಿ ಇದನ್ನೇ ಮಾಡಿಸಬೇಕೆಂದು ಬಹಳ ದಿನದ ಆಸೆ. ತೊಡಕು ಹೆಸರುಗಳದ್ದು. ಮೇಫ್ಲೈ, ಸ್ಟೋನ್‌ಫ್ಲೈ ಎಂದರೆ ಮಕ್ಕಳ ನಾಲಗೆಗೂ ಹತ್ತುವುದಿಲ್ಲ, ಮನಸ್ಸಿಗೂ ಇಳಿಯುವುದಿಲ್ಲ. ನೀರುಚೇಳು, ಬಸವನಹುಳು, ಜಿಗಣೆ ಎಂದರೆ ತಕ್ಷಣ ಹಿಡಿಯುತ್ತಾರೆ. ನಮ್ಮ ಮನೆಯಲ್ಲಿ ಮರಳಿನ ಕೊಳವೆಯದ್ದಕ್ಕೆ ‘ಗೂಡುಹುಳು’ ಎನ್ನುತ್ತಿದ್ದೆವು. ನಿಮ್ಮ ನಿಮ್ಮ ಮನೆಗಳಲ್ಲಿ ಕೊಡವದಲ್ಲೋ ಅರೆಭಾಷೆಯಲ್ಲೋ ಏನೆನ್ನುತ್ತಾರೆ, ಹಿರಿಯರನ್ನು ಕೇಳಿ ಬರೆಯಿರಿ. ಒಂದು ಪಟ್ಟಿ ಮಾಡಿ ಚಿತ್ರದೊಂದಿಗೆ ಗೋಡೆಗೆ ಹಾಕುತ್ತೇನೆ.

ಜಾತಿ ಗುರುತಿಸಲು ಸೂಕ್ಷ್ಮದರ್ಶಕ ಬೇಕೇ?

ನೀರೊರತೆ | ಜನವರಿ 14, ಬೆಳಿಗ್ಗೆ 9.10

ಬೇಡ ಸರ್. ದಕ್ಷಿಣ ಆಫ್ರಿಕಾದಲ್ಲಿ ಶಾಲಾಮಕ್ಕಳಿಗೂ ಸಾಮಾನ್ಯ ಜನರಿಗೂ ಒಗ್ಗುವಂತೆ ಮಿನಿಸಾಸ್ ಎಂಬ ಕ್ರಮ ಮಾಡಿದ್ದಾರೆ. ಒಟ್ಟು 13 ಗುಂಪು, ಬರಿಗಣ್ಣಿಗೆ ತಿಳಿಯುವಂಥವು. ಅವುಗಳಲ್ಲಿ ಕೆಲವನ್ನು ಹೇಳುತ್ತೇನೆ: ಸ್ಟೋನ್‌ಫ್ಲೈಗೆ 17 ಅಂಕ, ಈಜುವ ಸಣ್ಣ ಮೇಫ್ಲೈಗೆ 5, ಉಳಿದ ಮೇಫ್ಲೈಗಳಿಗೆ 11, ಕ್ಯಾಡಿಸ್‌ಗೆ 9, ಏಡಿ ಸಿಗಡಿಗೆ 6, ಡ್ರ್ಯಾಗನ್‌ಫ್ಲೈ ಮರಿಗೆ 6, ನೀರಿನ ತಿಗಣೆ ಜೀರುಂಡೆಗಳಿಗೆ 5, ಬಸವನಹುಳುವಿಗೆ 4, ನುಸಿ ನೊಣಗಳ ಮರಿಗೆ 2, ಟ್ಯೂಬಿಫೆಕ್ಸ್‌ನಂಥ ಹುಳುವಿಗೆ 2, ಜಿಗಣೆಗೆ 2. ಎಷ್ಟು ಸಿಕ್ಕವು ಎಂದು ಎಣಿಸುವ ಹಾಗಿಲ್ಲ, ಯಾವ ಗುಂಪು ಸಿಕ್ಕಿತು ಎಂಬುದಷ್ಟೇ. ಅಂಕ ಕೂಡಿ, ಗುಂಪುಗಳ ಸಂಖ್ಯೆಯಿಂದ ಭಾಗಿಸಿ. ಅಂಕ ಅವರ ನದಿಗಳಿಗಾಗಿ ಇಟ್ಟದ್ದು, ಆದ್ದರಿಂದ ನಮ್ಮಲ್ಲಿ ಅದನ್ನು ದರ್ಜೆ ಎಂದು ಸಾರಬೇಡಿ. ಒಂದೇ ತೋಡಿನ ಎರಡು ಜಾಗ ಹೋಲಿಸಲು ಬಳಸಿ.

ಬಲೆ ಒಂದು, ಬಿಳಿ ತಟ್ಟೆ ಒಂದು ಸಾಕು. ಬಲೆಯನ್ನು ಹರಿವಿಗೆ ಎದುರಾಗಿ ಹಿಡಿದು ಅದರ ಮೇಲ್ಗಡೆಯ ಕಲ್ಲುಗಳನ್ನು ಕಾಲಿನಿಂದ ಮೂರು ನಿಮಿಷ ಕೆದಕಿ. ನೋಡಿ ಮುಗಿದ ಮೇಲೆ ಹುಳುಗಳನ್ನು ಅಲ್ಲಿಗೇ ಬಿಡಿ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅಭಯಾರಣ್ಯಗಳ ಒಳಗೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇಳಿಯಬೇಡಿ.

ಹಾರಂಗಿ ಹಿನ್ನೀರು | ಜನವರಿ 14, ಮಧ್ಯಾಹ್ನ 12.40

ಹರಿಯುವ ತೋಡಿನ ಮಾತಾಯಿತು. ನಮ್ಮಲ್ಲಿ ಕಲ್ಲೇ ಇಲ್ಲ, ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಬರೀ ಮೆತ್ತನೆಯ ಕೆಸರು. ಮೇಲಿನ ಎಷ್ಟೋ ತೋಟಗಳಲ್ಲಿ ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ ಇಲ್ಲೇ ಕೂರುತ್ತದೆಯಲ್ಲವೇ? ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ಮಳೆಗೆ ಮೊದಲು ಒಮ್ಮೆ, ಆಮೇಲೆ ಮತ್ತೊಮ್ಮೆ ಕಾಫಿಗೂ ಮೆಣಸಿಗೂ ಹೊಡೆಯುತ್ತಲೇ ಬಂದಿದ್ದೇವೆ. ತಾಮ್ರ ಕೊಳೆಯುವ ವಸ್ತುವಲ್ಲ. ಕೆಸರನ್ನು ಪರೀಕ್ಷೆ ಮಾಡುವುದು ಹೇಗೆ?

ಪ್ರಯೋಗಾಲಯದವಳು | ಜನವರಿ 14, ಮಧ್ಯಾಹ್ನ 2.25

ಇಲ್ಲಿ ನಾನು ಹುಳುವಿನ ಪಕ್ಷ ವಹಿಸುತ್ತೇನೆ. ಕೆಸರಿನಲ್ಲಿ ಒಟ್ಟು ತಾಮ್ರ ಎಷ್ಟಿದೆ ಎಂದು ಆಮ್ಲದಲ್ಲಿ ಕರಗಿಸಿ ಹೇಳಿಬಿಡಬಹುದು. ಆದರೆ ಆ ತಾಮ್ರದ ಬಹುಪಾಲು ಕೊಳೆತ ಎಲೆಯ ಅಂಶಕ್ಕೋ ಗಂಧಕಕ್ಕೋ ಅಂಟಿಕೊಂಡಿದ್ದರೆ ಜೀವಿಗೆ ತಾಗುವುದೇ ಇಲ್ಲ. ಎರಡು ಕೆರೆಗಳಲ್ಲಿ ಅಂಕಿ ಒಂದೇ ಬಂದರೂ ಒಂದರಲ್ಲಿ ಹುಳು ಬದುಕುತ್ತದೆ, ಇನ್ನೊಂದರಲ್ಲಿ ಸಾಯುತ್ತದೆ. ಅಂಕಿ ನೋಡಿ ನಾನು ಏನೂ ಹೇಳಲಾರೆ, ಹುಳುವನ್ನೇ ಕೇಳಬೇಕು.

ಅದಕ್ಕೊಂದು ಪದ್ಧತಿಯೂ ಇದೆ. ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ 2004ರಲ್ಲಿ ಹೊರತಂದ 218ನೆಯ ಮಾರ್ಗಸೂಚಿಯಲ್ಲಿ, ಆಗಷ್ಟೇ ಮೊಟ್ಟೆಯೊಡೆದ ಕೈರೊನೊಮಸ್ ಮರಿಗಳನ್ನು ರಾಸಾಯನಿಕ ಬೆರೆಸಿದ ಕೆಸರಿನಲ್ಲಿ ಬಿಟ್ಟು 28 ದಿನದವರೆಗೆ ಕಾಯುತ್ತಾರೆ. ಎಷ್ಟು ಮರಿ ರೆಕ್ಕೆ ಮೂಡಿ ಹಾರಿದವು, ಎಷ್ಟು ದಿನದಲ್ಲಿ ಹಾರಿದವು ಎಂಬುದೇ ಫಲಿತಾಂಶ. ಹಿನ್ನೀರಿನ ಕೆಸರನ್ನೂ ಇದೇ ಜಾಡಿನಲ್ಲಿ ಪರೀಕ್ಷಿಸಬಹುದು, ಪಕ್ಕದಲ್ಲಿ ಶುದ್ಧ ಕೆಸರಿನದ್ದೊಂದು ಗಾಜು ಇಟ್ಟುಕೊಂಡು. ಲೋಹದ ಮಾಲಿನ್ಯ ಇರುವ ಕಡೆ ಈ ಮರಿಗಳ ಬಾಯಿಯ ಹಲ್ಲುಗಳು ವಕ್ರವಾಗುವುದೂ ಇದೆ. ಅದನ್ನು ನೋಡಲು ಮಾತ್ರ ಸೂಕ್ಷ್ಮದರ್ಶಕ ಬೇಕು.

ಲಾಂಗ್ ಮತ್ತು ಚಾಪ್ಮನ್ ಎಂಬ ವಿಜ್ಞಾನಿಗಳು 1985ರಲ್ಲಿ ಹೇಳಿದ್ದು ಇದನ್ನೇ: ಕೆಸರಿನ ರಸಾಯನ, ಪ್ರಯೋಗಾಲಯದ ಹುಳು ಪರೀಕ್ಷೆ, ತಳದಲ್ಲಿ ಈಗ ಬದುಕಿರುವ ಜೀವಿಗಳ ಲೆಕ್ಕ, ಮೂರನ್ನೂ ಒಟ್ಟಿಗೆ ಓದಬೇಕು. ನೀವು ಕೆಸರು ತೆಗೆಯುವಾಗ ಮೇಲಿನ ಎರಡು ಮೂರು ಅಂಗುಲ ಮಾತ್ರ ತೆಗೆಯಿರಿ. ಆಳಕ್ಕೆ ಹೋದಷ್ಟೂ ಹಳೆಯ ವರ್ಷಗಳ ಕೆಸರು ಬರುತ್ತದೆ. ಜೊತೆಗೆ ಕೀಟನಾಶಕವನ್ನೂ ಮರೆಯಬೇಡಿ. ಸೈಪರ್‌ಮೆಥ್ರಿನ್‌ನಂಥವು ನೀರಿನಲ್ಲಿ ನಿಲ್ಲದೆ ಕೆಸರಿಗೇ ಹೋಗಿ ಅಂಟುತ್ತವೆ, ಬಾಟಲಿಯಲ್ಲಿ ಸಿಗುವುದೇ ಇಲ್ಲ.

ರೊಬಸ್ಟಾ ಸಿದ್ದಾಪುರ | ಜನವರಿ 14, ಸಂಜೆ 5.45

ಈ ತಾಮ್ರದ ವಿಚಾರ ನನಗೆ ನಿಜವಾಗಿ ಹೊಸದು. ಮೈಲುತುತ್ತ ಎಂದರೆ ಔಷಧ ಎಂದೇ ತಿಳಿದಿದ್ದೆ. ನಮ್ಮ ಕೆರೆಯಲ್ಲಿ ಬಸವನಹುಳು ಕಾಣದೆ ನಾಲ್ಕೈದು ವರ್ಷವಾಗಿದೆ. ಸ್ಪ್ರೇ ಮಾಡಿದ ಮೇಲೆ ಡ್ರಮ್ ತೊಳೆಯುವುದು ಆ ಕೆರೆಯಲ್ಲೇ.

ಪ್ರಯೋಗಾಲಯದವಳು | ಜನವರಿ 14, ಸಂಜೆ 6.00

ತಾಮ್ರ ಬಸವನಹುಳುವಿಗೆ ಬಹಳ ಕೆಟ್ಟದ್ದು. ಡ್ರಮ್ ತೊಳೆಯುವುದನ್ನು ಇವತ್ತೇ ನಿಲ್ಲಿಸಿ. ತೊಳೆದ ನೀರನ್ನು ಮುಂದಿನ ದ್ರಾವಣಕ್ಕೆ ಬಳಸಬಹುದು. ಕೆರೆಯ ಕೆಸರು ಒಂದು ಡಬ್ಬಿ ತಂದುಕೊಡಿ, ನೋಡುತ್ತೇನೆ.

ತೋಡಿನಂಚು | ಜನವರಿ 19, ಸಂಜೆ 7.20

ಭಾನುವಾರ ಮಗಳ ಜೊತೆ ಹೋಗಿ ಮಾಡಿದೆ. ಹಿಟ್ಟಿನ ಜರಡಿಗೆ ಬಿದಿರಿನ ಹಿಡಿ ಕಟ್ಟಿದೆವು, ಊಟದ ಬಿಳಿ ತಟ್ಟೆ ಮನೆಯದ್ದೇ. ಅನುಮಾನದ ಜಾಗಕ್ಕೆ ಮೇಲೆ, ದೇವರಕಾಡಿನ ಅಂಚಿನಲ್ಲಿ ಮೊದಲು ಕೆದಕಿದೆವು. ತಟ್ಟೆ ಅಲುಗಾಡದಂತೆ ಇಟ್ಟು ಒಂದು ನಿಮಿಷ ಸುಮ್ಮನಿದ್ದರೆ ಸಾಕು, ಕಸ ಎಂದುಕೊಂಡದ್ದೆಲ್ಲ ನಡೆಯಲು ಶುರು ಮಾಡುತ್ತದೆ. ಸ್ಟೋನ್‌ಫ್ಲೈ ಎರಡು ಸಿಕ್ಕವು. ಚಪ್ಪಟೆ ಮೇಫ್ಲೈ, ಈಜುವ ಮೇಫ್ಲೈ, ಗೂಡುಹುಳು, ಏಡಿಮರಿ, ಡ್ರ್ಯಾಗನ್‌ಫ್ಲೈ ಮರಿ, ಜೊತೆಗೆ ಕಲ್ಲಿಗೆ ನಾಣ್ಯದಂತೆ ಅಂಟಿದ್ದ ಗುಂಡಗಿನ ಒಂದು. ಅದು ಜೀರುಂಡೆಯ ಮರಿಯೆಂದು ನೀರೊರತೆ ಅವರು ಫೋಟೋ ನೋಡಿ ಹೇಳಿದರು. ಏಳು ಗುಂಪು, 59 ಅಂಕ, ಸರಾಸರಿ 8.4.

ಕೆಳಗೆ, ನಮ್ಮ ಗಡಿಯಲ್ಲಿ ಅದೇ ಬಗೆಯ ಕಲ್ಲು, ಅದೇ ಮೂರು ನಿಮಿಷ. ಕೆಂಪು ನುಸಿಮರಿ, ಟ್ಯೂಬಿಫೆಕ್ಸ್, ಜಿಗಣೆ, ಬಸವನಹುಳು. ನಾಲ್ಕು ಗುಂಪು, 10 ಅಂಕ, ಸರಾಸರಿ 2.5. ನಡುವೆ ಇರುವುದು ಆರುನೂರು ಮೀಟರ್. ಹೂಳು ಎರಡೂ ಕಡೆ ಇಲ್ಲ, ಮುಕ್ಕೋಡ್ಲು ಅವರ ಮಾತು ನೆನಪಿಟ್ಟು ಅದನ್ನೂ ಬರೆದುಕೊಂಡೆ.

ಅನುಮಾನ ಇದ್ದ ತೋಟದ ಮ್ಯಾನೇಜರ್ ಬಳಿಗೆ ಹೋಗಿ ಎರಡೂ ತಟ್ಟೆಗಳ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದರು. ತೊಟ್ಟಿ ಒಡೆದು ಸೋರಿದ್ದು ಎಂದರು. ಹೌದೋ ಅಲ್ಲವೋ, ದುರಸ್ತಿ ಮಾಡಿಸುತ್ತೇನೆ ಎಂದು ಬಾಯಿಬಿಟ್ಟು ಹೇಳಿದ್ದಾರೆ. ಫೆಬ್ರವರಿಯಲ್ಲಿ ಅವರ ರೊಬಸ್ಟಾ ಪಲ್ಪಿಂಗ್ ಶುರು.

ಬರಪೊಳೆ | ಜನವರಿ 19, ರಾತ್ರಿ 7.40

ಬಾಯಿಮಾತು ನಂಬಬೇಡಿ. ದಿನಾಂಕ, ಸಮಯ, ಜಾಗ ಎಲ್ಲ ಇರುವಂತೆ ಪ್ರತಿ ಹದಿನೈದು ದಿನಕ್ಕೊಮ್ಮೆ ಫೋಟೋ ತೆಗೆದಿಡಿ.

ನೀರೊರತೆ | ಜನವರಿ 19, ರಾತ್ರಿ 8.05

ಮೇಲೆ ಹುಳುಗಳು ಬದುಕಿರುವುದು ಒಳ್ಳೆಯ ಸುದ್ದಿ. ಹರಿವಿನ ಜೊತೆ ಅವು ತಾವಾಗಿ ಕೆಳಗೆ ಬಂದು ನೆಲೆಸುತ್ತವೆ, ರೆಕ್ಕೆ ಬಂದವು ಹಾರಿ ಬಂದು ಮೊಟ್ಟೆ ಇಡುತ್ತವೆ. ಮತ್ತೆ ಕೊಳಕು ಬೀಳದಿದ್ದರೆ ಮಾರ್ಚ್ ಹೊತ್ತಿಗೆ ಈಜುವ ಮೇಫ್ಲೈ ಮೊದಲು ಕಾಣಿಸಬೇಕು. ಸ್ಟೋನ್‌ಫ್ಲೈಗೆ ಇನ್ನೂ ಬಹಳ ಕಾಯಬೇಕು.

ಮೇಷ್ಟ್ರು ಸೋಮವಾರಪೇಟೆ | ಜನವರಿ 19, ರಾತ್ರಿ 8.30

ಫೆಬ್ರವರಿ ಎರಡನೆಯ ಶನಿವಾರ ನಮ್ಮ ಮಕ್ಕಳನ್ನು ಕರೆತರಬಹುದೇ? ಹನ್ನೆರಡು ಮಂದಿ ಇದ್ದಾರೆ. ಜರಡಿ, ತಟ್ಟೆ ನಾವೇ ತರುತ್ತೇವೆ.

ತೋಡಿನಂಚು | ಜನವರಿ 19, ರಾತ್ರಿ 8.35

ಬನ್ನಿ ಸರ್. ಬೆಳಿಗ್ಗೆ ಒಂಬತ್ತರೊಳಗೆ ಬಂದರೆ ಬೆಳಕು ಚೆನ್ನಾಗಿರುತ್ತದೆ. ಮಕ್ಕಳಿಗೆ ರಬ್ಬರ್ ಚಪ್ಪಲಿ ಬೇಡ, ಕಲ್ಲು ಜಾರುತ್ತದೆ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡು ಬರಲಿ. ಕಡುಬು ಮಾಡಿಸಿಡುತ್ತೇನೆ.